ಮಕ್ಕಳ ಬೇಸ್‌ಬಾಲ್‌ಗೆ ಅಂಪೈರ್ ಆಗುವುದು ಹೇಗೆ: ಟೇಪು ಹಿಡಿಯುವಲ್ಲಿಂದ ಸಹಿ ಹಾಕುವವರೆಗೆ

ತುಮಕೂರಿನ ಗಲ್ಲಿಗಳಲ್ಲಿ ಕ್ರಿಕೆಟ್ ಆಡಿ ಬೆಳೆದ ಮಗುವಿಗೆ ಅಂಪೈರ್ ಎಂದರೆ ಬ್ಯಾಟಿಂಗ್ ತಂಡದಲ್ಲಿ ಇನ್ನೂ ಸರದಿ ಬಾರದೆ ಕುಳಿತಿರುವ ಹುಡುಗ. ಅವನು ಔಟ್ ಕೊಟ್ಟರೆ ಸ್ವಂತ ತಂಡದವರು ಬೈಯುತ್ತಾರೆ, ಕೊಡದಿದ್ದರೆ ಎದುರು ತಂಡದವರು ಬೈಯುತ್ತಾರೆ, ಜಗಳ ಹರಿಯದಿದ್ದರೆ ಬ್ಯಾಟು ಯಾರದೋ ಅವರ ಮಾತೇ ಕೊನೆಯ ತೀರ್ಪು. ನಮ್ಮ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಬೇಸ್‌ಬಾಲ್ ಕಲಿಯಲು ಬರುವ ಮಕ್ಕಳು ಇದೇ ರೂಢಿಯನ್ನು ಹೊತ್ತು ಬರುತ್ತಾರೆ. ಅವರಿಗೆ ಕಲಿಸುವ ನಾವು ದೈಹಿಕ ಶಿಕ್ಷಕರೂ ಬಹುಪಾಲು ಕ್ರಿಕೆಟ್, ಕಬಡ್ಡಿ, ಖೊ ಖೊ ಆಡಿ ಬಂದವರೇ. ಹೀಗಾಗಿ ಮೊದಲ ಬಾರಿ ಬೇಸ್‌ಬಾಲ್ ಪಂದ್ಯಕ್ಕೆ ಅಂಪೈರ್ ಆಗಿ ನಿಲ್ಲಲಿರುವ ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು ಮತ್ತು ಪೋಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಅಂಪೈರ್ ಅವರ ಕಣ್ಣು ಮಂಜಾಗಿದ್ದರಿಂದ ಹುಟ್ಟಿದವಲ್ಲ. ಆಟಕ್ಕೆ ಮೊದಲು ಮಾತಾಡಿಕೊಳ್ಳದೆ ಬಿಟ್ಟಿದ್ದರಿಂದಲೋ, ಅಂಪೈರ್ ತಪ್ಪು ಜಾಗದಲ್ಲಿ ನಿಂತಿದ್ದರಿಂದಲೋ ಹುಟ್ಟಿದವು. ಆದ್ದರಿಂದ ಇಲ್ಲಿ ತೀರ್ಪಿಗಿಂತ ಸಿದ್ಧತೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಯಾವ ನಿಯಮ ಎಂಬುದನ್ನು ಮೊದಲು ಬರೆಸಿಕೊಳ್ಳಿ

ಮೊಬೈಲ್‌ನಲ್ಲಿ ಅಮೆರಿಕದ ವೃತ್ತಿಪರ ಪಂದ್ಯಗಳನ್ನು ನೋಡಿದವರು ಅದೇ ನಿಯಮ ಮಕ್ಕಳಿಗೂ ಅನ್ವಯಿಸುತ್ತದೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಮಕ್ಕಳ ಆಟದ ಅಳತೆಗಳೂ ಬೇರೆ, ಹಲವು ನಿಯಮಗಳೂ ಬೇರೆ. ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬವರು 1939ರಲ್ಲಿ ಆರಂಭಿಸಿದ ಲಿಟಲ್ ಲೀಗ್, ದೊಡ್ಡವರ ಮೈದಾನವನ್ನು ಚಿಕ್ಕ ಕಾಲುಗಳಿಗೆ ತಕ್ಕಂತೆ ಕುಗ್ಗಿಸುವುದನ್ನೇ ಮೂಲ ಆಲೋಚನೆಯಾಗಿ ಇಟ್ಟುಕೊಂಡಿತ್ತು. ದೊಡ್ಡವರಿಗೆ ಓಟಗಾರರು ಮುಟ್ಟುತ್ತ ಸಾಗುವ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ, ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ಹೋಮ್ ಪ್ಲೇಟ್‌ನಿಂದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ನಿಲ್ಲುವ ಪಟ್ಟಿಗೆ 60 ಅಡಿ 6 ಅಂಗುಲವಾದರೆ, 12 ವರ್ಷದವರೆಗಿನವರಿಗೆ ಲಿಟಲ್ ಲೀಗ್‌ನಲ್ಲಿ ಕ್ರಮವಾಗಿ 60 ಅಡಿ ಮತ್ತು 46 ಅಡಿ. ಅವರ ಪಂದ್ಯ ಒಂಬತ್ತರ ಬದಲು ಆರು ಇನ್ನಿಂಗ್ಸ್‌ಗೆ ಮುಗಿಯುತ್ತದೆ. ಚಿಕ್ಕ ಮೈದಾನದಲ್ಲಿ ಓಟಗಾರರು ಪಿಚ್, ಅಂದರೆ ಪಿಚರ್ ಎಸೆದ ಚೆಂಡು, ಬ್ಯಾಟರ್ ಬಳಿ ತಲುಪುವವರೆಗೆ ಬೇಸ್ ಬಿಡುವಂತಿಲ್ಲ, ಮುಂದಿನ ಬೇಸ್‌ಗೆ ತಲೆ ಮುಂದಾಗಿ ಜಾರುವಂತಿಲ್ಲ, ಜಾರಿದರೆ ಔಟ್.

ನೀವು ಹೋಗುವ ಪಂದ್ಯಾವಳಿ ಈ ನಿಯಮಗಳನ್ನೇ ಅನುಸರಿಸಬೇಕೆಂದೇನೂ ಇಲ್ಲ. ಸಂಘಟಕರು ತಮ್ಮದೇ ಅಳತೆ ಮತ್ತು ಷರತ್ತುಗಳನ್ನು ಇಟ್ಟುಕೊಂಡಿರಬಹುದು. ಆದರೆ ಅವು ಬಾಯಿಮಾತಿನಲ್ಲಿ ಇರಬಾರದು. ಎಷ್ಟು ಇನ್ನಿಂಗ್ಸ್, ಬೇಸ್ ದೂರ ಎಷ್ಟು, ಓಟಗಾರರು ಬೇಸ್ ಬಿಟ್ಟು ಮುಂದೆ ನಿಲ್ಲಬಹುದೇ, ಎಷ್ಟು ರನ್ ಅಂತರವಾದರೆ ಪಂದ್ಯ ನಿಲ್ಲುತ್ತದೆ, ಮಳೆ ಬಂದರೆ ಎಷ್ಟು ಇನ್ನಿಂಗ್ಸ್‌ಗೆ ಫಲಿತಾಂಶ ಸಿಗುತ್ತದೆ, ಒಬ್ಬ ಪಿಚರ್ ಎಷ್ಟು ಪಿಚ್ ಎಸೆಯಬಹುದು, ದೂರನ್ನು ಯಾರು ವಿಚಾರಿಸುತ್ತಾರೆ ಎಂಬ ಏಳು ಪ್ರಶ್ನೆಗಳಿಗೆ ಒಂದು ಹಾಳೆಯಲ್ಲಿ ಉತ್ತರ ಬರೆಸಿಕೊಂಡು, ಅದರ ಜೆರಾಕ್ಸ್ ಪ್ರತಿಯನ್ನು ಎರಡೂ ತಂಡಗಳಿಗೆ ಹಿಂದಿನ ದಿನವೇ ತಲುಪಿಸಿ. ಬೆಳಿಗ್ಗೆ ಮೈದಾನದಲ್ಲಿ ಹಂಚಿದ ಹಾಳೆಯನ್ನು ಯಾರೂ ಓದುವುದಿಲ್ಲ.

ಇನ್ನೊಂದು ಮಾತು. ತಮ್ಮದೇ ಶಾಲೆಯ ಪಂದ್ಯಕ್ಕೆ ಆ ಶಾಲೆಯ ಶಿಕ್ಷಕರು ಅಂಪೈರ್ ಆಗಬಾರದು. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಗಲ್ಲಿ ಕ್ರಿಕೆಟ್‌ನ ಅನುಮಾನ ಮಕ್ಕಳ ತಲೆಯಲ್ಲಿ ಆಗಲೇ ಕೂತಿರುತ್ತದೆ.

ಹಂತ 2: ಮೈದಾನವನ್ನು ನೀವೇ ಅಳೆಯಿರಿ

ನಮ್ಮ ಕಡೆ ಬೇಸ್‌ಬಾಲ್‌ಗೆಂದೇ ಮಾಡಿದ ಮೈದಾನ ಸಿಗುವುದು ಅಪರೂಪ. ಶಾಲೆಯ ಕೆಂಪು ಮಣ್ಣಿನ ಬಯಲಿನಲ್ಲೇ ಕಬಡ್ಡಿ ಅಂಕಣ, ಖೊ ಖೊ ಕಂಬಗಳು ಮತ್ತು ಕ್ರಿಕೆಟ್‌ನ ಸಿಮೆಂಟ್ ಪಿಚ್ಚು ಸೇರಿಕೊಂಡಿರುತ್ತವೆ. ಆದ್ದರಿಂದ ಪಂದ್ಯಕ್ಕೆ ಒಂದು ಗಂಟೆ ಮೊದಲು ಹೋಗಿ, 30 ಮೀಟರ್ ಟೇಪು, ನಾಲ್ಕು ಗೂಟ, ಸುತ್ತಿಗೆ ಮತ್ತು ಸುಣ್ಣದ ಪುಡಿಯೊಂದಿಗೆ ಕೆಲಸ ಆರಂಭಿಸಬೇಕು.

ಮೊದಲು ದಿಕ್ಕು ನೋಡಿಕೊಳ್ಳಿ. ಹೋಮ್ ಪ್ಲೇಟ್‌ನಿಂದ ಪಿಚರ್ ಪಟ್ಟಿಯ ಮೂಲಕ ಎರಡನೇ ಬೇಸ್‌ಗೆ ಎಳೆದ ರೇಖೆ ಪೂರ್ವ–ಈಶಾನ್ಯದ ಕಡೆ ಹೋಗುವುದು ಒಳ್ಳೆಯದೆಂದು ನಿಯಮಪುಸ್ತಕವೇ ಹೇಳುತ್ತದೆ. ಶಾಲೆ ಬಿಟ್ಟ ಮೇಲೆ ನಡೆಯುವ ಪಂದ್ಯಗಳಲ್ಲಿ ಇಳಿಬಿಸಿಲು ಬ್ಯಾಟರ್, ಕ್ಯಾಚರ್ (ಬ್ಯಾಟರ್ ಹಿಂದೆ ಕುಳಿತು ಪಿಚ್ ಹಿಡಿಯುವವರು) ಮತ್ತು ಅಂಪೈರ್ ಮೂವರ ಬೆನ್ನಿಗೆ ಬೀಳುತ್ತದೆ. ವೇಗವಾಗಿ ಬರುವ ಚೆಂಡನ್ನು ಎದುರಿಸುವವರು ಸೂರ್ಯನನ್ನೂ ಎದುರಿಸಬೇಕಾಗುವುದಿಲ್ಲ.

ಆಮೇಲೆ ಹೋಮ್ ಪ್ಲೇಟ್‌ನ ಹಿಂಬದಿಯ ಮೊನೆ ಇರಬೇಕಾದ ಕಡೆ ಮೊದಲ ಗೂಟ ಹೊಡೆಯಿರಿ. ಅಲ್ಲಿಂದ 84 ಅಡಿ 10 ಅಂಗುಲ, ಅಂದರೆ ಸುಮಾರು 25.86 ಮೀಟರ್ ಅಳೆದು ಎರಡನೇ ಬೇಸ್‌ನ ಗೂಟ ಹೊಡೆಯಿರಿ. ಈಗ ಹೋಮ್‌ನಿಂದ 60 ಅಡಿ (18.29 ಮೀಟರ್) ಅಳತೆಯಲ್ಲಿ ಬಲಕ್ಕೆ ಒಂದು ಕಮಾನು ಎಳೆದು, ಎರಡನೇ ಬೇಸ್‌ನಿಂದಲೂ ಅಷ್ಟೇ ಅಳತೆಯ ಕಮಾನು ಎಳೆದರೆ, ಎರಡೂ ಕತ್ತರಿಸುವ ಬಿಂದುವೇ ಮೊದಲ ಬೇಸ್‌ನ ಮೂಲೆ, ಎಡಕ್ಕೆ ಹಾಗೆಯೇ ಮಾಡಿದರೆ ಮೂರನೆಯದು. ಒಂದು ಬದಿಯಿಂದ ಹೆಜ್ಜೆ ಹಾಕಿ ಅಂದಾಜಿನಲ್ಲಿ ಮೂಲೆ ತಿರುಗಿಸುವ ನಮ್ಮ ಹಳೆಯ ಪದ್ಧತಿಯಲ್ಲಿ ಚೌಕ ಯಾವತ್ತೂ ಚೌಕವಾಗಿ ಬರುವುದಿಲ್ಲ. ಮೊದಲ ಮತ್ತು ಮೂರನೇ ಬೇಸ್‌ನ ದಿಂಬುಗಳು ಚೌಕದ ಒಳಗೇ ಇರಬೇಕು; ಎರಡನೆಯದು ಮಾತ್ರ ತನ್ನ ನಡುಮಧ್ಯ ಗೂಟದ ಮೇಲೆ ಬರುವಂತೆ ಕೂರಬೇಕು. ಪಿಚರ್ ಪಟ್ಟಿಯ ಮುಂಬದಿಯ ಅಂಚನ್ನು ಹೋಮ್‌ನ ಹಿಂಬದಿಯ ಮೊನೆಯಿಂದ 46 ಅಡಿಗೆ (14.02 ಮೀಟರ್) ಸರಿಯಾಗಿ ಇಡಿ.

ಹೋಮ್ ಪ್ಲೇಟ್ ಇಲ್ಲದಿದ್ದರೆ ದಪ್ಪ ರಬ್ಬರ್ ಮ್ಯಾಟಿನಲ್ಲಿ ಕತ್ತರಿಸಬಹುದು: ಪಿಚರ್ ಕಡೆಯ ಅಂಚು 17 ಅಂಗುಲ, ಅದಕ್ಕೆ ಅಂಟಿದ ಎರಡು ಬದಿಗಳು ಎಂಟೂವರೆ ಅಂಗುಲ, ಹಿಂದೆ ಮೊನೆಯಲ್ಲಿ ಸೇರುವ ಬದಿಗಳು 12 ಅಂಗುಲ. ಈ 17 ಅಂಗುಲವನ್ನು ಸಡಿಲ ಬಿಡಬೇಡಿ, ಏಕೆಂದರೆ ಪಂದ್ಯದುದ್ದಕ್ಕೂ ನೀವು ಹೇಳುವ ಪ್ರತಿಯೊಂದು ಸ್ಟ್ರೈಕ್ (ಬ್ಯಾಟರ್ ವಿರುದ್ಧ ಎಣಿಸುವ ಪಿಚ್) ಇದರ ಮೇಲೆಯೇ ನಿಂತಿದೆ.

ಹಂತ 3: ಮಕ್ಕಳ ರಕ್ಷಣೆ ಮತ್ತು ಪಿಚ್ ಎಣಿಕೆ

ನಿಯಮ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಪಿಚ್ ಎಣಿಕೆಯ ಹಾಳೆಯನ್ನು. ಬೆಳೆಯುತ್ತಿರುವ ಮೊಣಕೈ ಮತ್ತು ಭುಜಕ್ಕೆ ವಿಶ್ರಾಂತಿಯಿಲ್ಲದ ಎಸೆತದಿಂದ ಆಗುವ ಹಾನಿ ಕೂಡಲೇ ಕಾಣುವುದಿಲ್ಲ. ಗೆಲ್ಲಬೇಕೆಂಬ ಹಟದಲ್ಲಿರುವ ತರಬೇತುದಾರರಿಗಂತೂ ಅದು ಕಾಣುವುದೇ ಇಲ್ಲ. ಲಿಟಲ್ ಲೀಗ್ 2007ರಿಂದ ಇನ್ನಿಂಗ್ಸ್ ಲೆಕ್ಕವನ್ನು ಬಿಟ್ಟು ಪಿಚ್‌ಗಳನ್ನೇ ಎಣಿಸಲು ಆರಂಭಿಸಿತು. ದಿನವೊಂದಕ್ಕೆ 7–8 ವರ್ಷದವರಿಗೆ 50, 9–10 ವರ್ಷದವರಿಗೆ 75, 11–12 ವರ್ಷದವರಿಗೆ 85, 13ರಿಂದ 16 ವರ್ಷದವರಿಗೆ 95 ಪಿಚ್ ಮಿತಿ. ಮಿತಿ ತಲುಪಿದಾಗ ಎದುರಿಗೆ ಒಬ್ಬ ಬ್ಯಾಟರ್ ಇದ್ದರೆ ಅವನ ಸರದಿ ಮುಗಿಯುವವರೆಗೆ ಎಸೆಯಬಹುದು, ಮುಂದಕ್ಕಿಲ್ಲ.

ಮಿತಿಗಿಂತಲೂ ಮುಖ್ಯವಾದದ್ದು ನಂತರದ ವಿಶ್ರಾಂತಿ. 14 ವರ್ಷ ಅಥವಾ ಅದಕ್ಕಿಂತ ಚಿಕ್ಕವರು ಒಂದು ದಿನದಲ್ಲಿ 66 ಅಥವಾ ಹೆಚ್ಚು ಪಿಚ್ ಎಸೆದರೆ ನಾಲ್ಕು ದಿನ, 51ರಿಂದ 65 ಆದರೆ ಮೂರು ದಿನ, 36ರಿಂದ 50 ಆದರೆ ಎರಡು ದಿನ, 21ರಿಂದ 35 ಆದರೆ ಒಂದು ದಿನ ಪಿಚ್ ಮಾಡುವಂತಿಲ್ಲ. 41 ಅಥವಾ ಹೆಚ್ಚು ಪಿಚ್ ಎಸೆದ ಪಿಚರ್ ಆ ದಿನ ಕ್ಯಾಚರ್ ಆಗುವಂತಿಲ್ಲ. ನಾಲ್ಕು ಇನ್ನಿಂಗ್ಸ್ ಕ್ಯಾಚರ್ ಆಗಿದ್ದವರು ಆ ದಿನ ಪಿಚರ್ ಆಗುವಂತಿಲ್ಲ. ಎರಡು ದಿನಗಳಲ್ಲಿ ಮುಗಿಸಿಬಿಡುವ ನಮ್ಮ ತಾಲ್ಲೂಕು ಮಟ್ಟದ ಕೂಟಗಳಲ್ಲಿ ಒಬ್ಬನೇ ಒಳ್ಳೆಯ ಪಿಚರ್ ಇರುವ ತಂಡಕ್ಕೆ ಇದು ಕಹಿ ಎನಿಸುತ್ತದೆ. ಎನಿಸಲಿ, ಅಂಥ ತಂಡ ಇನ್ನಿಬ್ಬರು ಪಿಚರ್‌ಗಳನ್ನು ತಯಾರು ಮಾಡಲಿ.

ಎಣಿಸುವ ಕೆಲಸವನ್ನು ಅಂಪೈರ್ ಮಾಡಬಾರದು. ಸ್ಕೋರ್ ಮೇಜಿನಲ್ಲಿ ಎರಡೂ ಶಾಲೆಗಳ ಒಬ್ಬೊಬ್ಬ ವಿದ್ಯಾರ್ಥಿಯನ್ನು ಅಕ್ಕಪಕ್ಕ ಕೂರಿಸಿ, ಪ್ರತಿ ಅರ್ಧ ಇನ್ನಿಂಗ್ಸ್ ಮುಗಿದಾಗ ಇಬ್ಬರೂ ತಮ್ಮ ಲೆಕ್ಕ ತಾಳೆ ನೋಡುವಂತೆ ಮಾಡಿ. ಫೌಲ್ ಆದ (ಹೊಡೆದಾಗ ಗೆರೆಯ ಹೊರಗೆ ಹೋದ) ಚೆಂಡೂ ಒಂದು ಪಿಚ್ ಎಂಬುದನ್ನು ಅವರಿಗೆ ಮೊದಲೇ ಹೇಳಿರಬೇಕು.

ಸಲಕರಣೆಯ ಪರೀಕ್ಷೆಗೆ ಐದು ನಿಮಿಷ ಸಾಕು: ಬ್ಯಾಟರ್ ಮತ್ತು ಓಟಗಾರರಿಗೆ ಎರಡೂ ಕಿವಿ ಮುಚ್ಚುವ ಹೆಲ್ಮೆಟ್, ಕ್ಯಾಚರ್‌ಗೆ ಗಂಟಲ ರಕ್ಷೆ ತೂಗುವ ಮಾಸ್ಕ್, ಎದೆರಕ್ಷೆ, ಮೊಣಕಾಲಿನಿಂದ ಪಾದದವರೆಗಿನ ರಕ್ಷೆ, ಹುಡುಗರಾದರೆ ಒಳಗಿನ ಗಾರ್ಡ್. ಬಿರುಕು ಬಿಟ್ಟ ಬ್ಯಾಟನ್ನು ಟೇಪು ಸುತ್ತಿ ತಂದರೆ ಪಕ್ಕಕ್ಕಿಡಿಸಿ.

ಹಂತ 4: ಪ್ಲೇಟ್ ಬಳಿಯ ಮಾತುಕತೆ

ಆಟಕ್ಕೆ ಐದು ನಿಮಿಷ ಮೊದಲು ಎರಡೂ ತಂಡಗಳ ತರಬೇತುದಾರರನ್ನು ಹೋಮ್ ಪ್ಲೇಟ್ ಬಳಿ ಕರೆದು ಆಟಗಾರರ ಪಟ್ಟಿ ಪಡೆಯುವುದು ಬೇಸ್‌ಬಾಲ್‌ನ ಹಳೆಯ ಕ್ರಮ. ಹೆಸರು, ಬ್ಯಾಟಿಂಗ್ ಕ್ರಮಸಂಖ್ಯೆ, ಅಂಗಿಯ ಸಂಖ್ಯೆ ಎಲ್ಲವೂ ಸರಿಯಿವೆಯೇ ಎಂದು ಅಲ್ಲೇ ಓದಿ. ಪಟ್ಟಿ ಕೈಗೆ ಬಂದ ಕ್ಷಣದಿಂದ ಮೈದಾನದ ಹೊಣೆ, ಮಳೆ ಬಂದರೆ ನಿಲ್ಲಿಸುವ ಅಧಿಕಾರವೂ ಸೇರಿದಂತೆ, ಅಂಪೈರ್‌ಗೆ ಸೇರುತ್ತದೆ.

ಸ್ಥಳೀಯ ನಿಯಮಗಳನ್ನು ಬೆರಳು ತೋರಿಸಿಯೇ ಹೇಳಬೇಕು. ಎಡಗಡೆಯ ಹುಣಸೆಮರದ ಕೊಂಬೆಗೆ ಚೆಂಡು ತಗುಲಿದರೆ ಏನು? ಬೈಕ್‌ಗಳನ್ನು ನಿಲ್ಲಿಸಿದ ಸಾಲಿನೊಳಗೆ ಹೋದರೆ? ಸಿಮೆಂಟ್ ಪಿಚ್ಚಿನ ಅಂಚಿಗೆ ಬಡಿದು ದಿಕ್ಕು ಬದಲಿಸಿದರೆ? ಸಾಮಾನ್ಯ ನಿಯಮದಂತೆ ಕ್ಷೇತ್ರರಕ್ಷಕ ಎಸೆದ ಚೆಂಡು ಆಟದ ಗಡಿ ದಾಟಿ ಹೋದರೆ ಓಟಗಾರರಿಗೆ ಎರಡು ಬೇಸ್. ಫೇರ್ (ಹೊಡೆದಾಗ ಗೆರೆಗಳ ಒಳಗೇ ಹೋದ) ಚೆಂಡು ಪುಟಿದು ಗಡಿ ದಾಟಿದರೆ ಬ್ಯಾಟರ್‌ಗೆ ಎರಡು ಬೇಸ್. ಆದರೆ ಗಡಿ ಯಾವುದು ಎಂಬುದನ್ನು ಪುಸ್ತಕ ಹೇಳಲಾರದು, ಅದನ್ನು ನೀವು ಸುಣ್ಣದ ಗೆರೆಯಿಂದಲೇ ಹೇಳಬೇಕು. ಮೈದಾನಕ್ಕೆ ಅಡ್ಡ ಬರುವ ಹಸುವಿನ ವಿಚಾರವೂ ತಮಾಷೆಯದಲ್ಲ. ಹಸು ಕಂಡರೆ ಪಿಚ್‌ಗೆ ಮೊದಲೇ ಟೈಮ್ (ಆಟ ನಿಲ್ಲಿಸುವ ಕೂಗು) ಹೇಳುವುದಾಗಿ ಇಬ್ಬರಿಗೂ ತಿಳಿಸಿಡಿ.

ಏಪ್ರಿಲ್–ಮೇ ತಿಂಗಳ ಸಂಜೆ ನಮ್ಮಲ್ಲಿ ಗುಡುಗು ಸಹಿತ ಮಳೆ ಹೇಳದೆ ಬರುತ್ತದೆ. ಗುಡುಗು ಕೇಳಿದ ಕೂಡಲೇ ಮಕ್ಕಳನ್ನು ಕಟ್ಟಡದೊಳಗೆ ಕಳುಹಿಸಿ, ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಗೆ ಬಿಡಬೇಡಿ. ಮರದಡಿ ನಿಲ್ಲುವುದು ಆಶ್ರಯವಲ್ಲ.

ಹಂತ 5: ಎಲ್ಲಿ ನಿಲ್ಲಬೇಕು

ಮುಖ್ಯ ಅಂಪೈರ್ ಕ್ಯಾಚರ್ ಹಿಂದೆ ನಿಲ್ಲುತ್ತಾರೆ, ಆದರೆ ನೇರ ಹಿಂದೆ ಅಲ್ಲ. ಕ್ಯಾಚರ್ ಮತ್ತು ಬ್ಯಾಟರ್ ನಡುವೆ ಇರುವ ಸಂದಿಯಲ್ಲಿ, ಬ್ಯಾಟರ್ ಕಡೆಗೆ ಸರಿದು, ಗಲ್ಲ ಕ್ಯಾಚರ್‌ನ ತಲೆಯ ಮಟ್ಟಕ್ಕೆ ಬರುವಷ್ಟು ಬಾಗಿದರೆ ಪ್ಲೇಟ್‌ನ ಎರಡೂ ಅಂಚುಗಳು ಕಾಣುತ್ತವೆ. ತೀರಾ ಕೆಳಗೆ ಕುಕ್ಕರಿಸಿದರೆ ಮೊಣಕಾಲ ಮಟ್ಟದ ಚೆಂಡು ಕ್ಯಾಚರ್‌ನ ಭುಜದ ಮರೆಗೆ ಹೋಗುತ್ತದೆ. ಕಾಲುಗಳನ್ನು ಅಗಲಿಸಿ, ಚೆಂಡು ಬರುವಾಗ ತಲೆ ಅಲ್ಲಾಡಿಸದೆ ಕಣ್ಣಿನಿಂದ ಮಾತ್ರ ಅದನ್ನು ಗ್ಲೌಸ್‌ನವರೆಗೆ ಹಿಂಬಾಲಿಸಬೇಕು.

ಇದಕ್ಕೆಲ್ಲ ಮಾಸ್ಕ್ ಮತ್ತು ಎದೆರಕ್ಷೆ ಕಡ್ಡಾಯ. ಅವು ಇಲ್ಲದಿದ್ದರೆ ಶೌರ್ಯ ತೋರಿಸಬೇಡಿ. ಒಬ್ಬರೇ ಅಂಪೈರ್ ಇದ್ದಾಗ ಅವರು ಪಿಚರ್ ಹಿಂದೆಯೂ ನಿಲ್ಲಬಹುದೆಂದು ನಿಯಮಪುಸ್ತಕ ಒಪ್ಪುತ್ತದೆ. ಅಲ್ಲಿಂದ ಸ್ಟ್ರೈಕ್‌ನ ಎತ್ತರ ಸ್ವಲ್ಪ ಮಸುಕಾದರೂ ಎಲ್ಲ ಬೇಸ್‌ಗಳೂ ಹತ್ತಿರವಾಗುತ್ತವೆ. ಲೆಕ್ಕಕ್ಕೆ ಬೆರಳಿನಿಂದ ತಿರುಗಿಸುವ ಇಂಡಿಕೇಟರ್ ಇಲ್ಲದಿದ್ದರೆ ಏಳು ಹುಣಸೆ ಬೀಜ ಸಾಕು: ಬಾಲ್‌ಗೆ (ಬ್ಯಾಟರ್ ಬೀಸದೆ ಬಿಟ್ಟ, ಸ್ಟ್ರೈಕ್ ಅಲ್ಲದ ಪಿಚ್) ಮೂರು, ಸ್ಟ್ರೈಕ್‌ಗೆ ಎರಡು, ಔಟ್‌ಗೆ ಎರಡು, ಮೂರು ಬೇರೆ ಬೇರೆ ಜೇಬಿನಲ್ಲಿ.

ಎರಡನೆಯ ಅಂಪೈರ್ ಇದ್ದರೆ ಅವರು ಬೇಸ್‌ಗಳನ್ನು ನೋಡಿಕೊಳ್ಳುತ್ತಾರೆ. ಬೇಸ್‌ಗಳಲ್ಲಿ ಯಾರೂ ಇಲ್ಲದಾಗ ಮೊದಲ ಬೇಸ್‌ನ ಆಟಗಾರರ ಹಿಂದೆ ಹತ್ತು–ಹನ್ನೆರಡು ಅಡಿ ದೂರದಲ್ಲಿ, ಎರಡೂ ಕಾಲು ಫೌಲ್ ಗೆರೆಯ ಹೊರಗೆ ಬರುವಂತೆ ನಿಲ್ಲಬೇಕು. 90 ಅಡಿಯ ಮೈದಾನದಲ್ಲಿ ಓಟಗಾರರು ಬೇಸ್ ಮೇಲಿದ್ದರೆ ಚೌಕದ ಒಳಗೆ ಬರುವುದು ಕ್ರಮ. 60 ಅಡಿಯ ಇಕ್ಕಟ್ಟಿನಲ್ಲಿ ಒಳಗೆ ನಿಂತರೆ ಮಕ್ಕಳ ಕಾಲಿಗೆ ತೊಡರುತ್ತೀರಿ, ಹೊರಗಿನಿಂದಲೇ ಕೆಲಸ ಮಾಡಿ. ಹತ್ತಿರ ಹೋಗುವುದಕ್ಕಿಂತ ಕೋನ ಸಿಗುವುದು ಮುಖ್ಯ: ಬೇಸ್‌ಗೆ ಮೂರು ಅಡಿ ದೂರದಲ್ಲಿ ಆಟಗಾರನ ಬೆನ್ನಿನ ಹಿಂದೆ ನಿಂತವರಿಗಿಂತ, ಹದಿನೈದು ಅಡಿ ದೂರದಲ್ಲಿ ಎಸೆತದ ದಾರಿಗೆ ಅಡ್ಡಲಾಗಿ ನಿಂತವರಿಗೆ ಹೆಚ್ಚು ಕಾಣುತ್ತದೆ.

ಹಂತ 6: ಸ್ಟ್ರೈಕ್ ಮತ್ತು ಬಾಲ್

ಲಿಟಲ್ ಲೀಗ್‌ನಲ್ಲಿ ಸ್ಟ್ರೈಕ್ ಜೋನ್ ಎಂದರೆ ಬ್ಯಾಟರ್ ಸಹಜವಾಗಿ ನಿಂತಾಗ ಕಂಕುಳಿನಿಂದ ಮೊಣಕಾಲಿನ ಮೇಲ್ಭಾಗದವರೆಗೆ, ಪ್ಲೇಟ್‌ನ ಮೇಲಿರುವ ಜಾಗ. ದೊಡ್ಡವರ ನಿಯಮದಲ್ಲಿ ಇದು ಭುಜ ಮತ್ತು ಸೊಂಟಪಟ್ಟಿಯ ನಡುವಿನ ಮಧ್ಯಬಿಂದುವಿನಿಂದ ಮೊಣಕಾಲ ಚಿಪ್ಪಿನ ಕೆಳಗಿನವರೆಗೆ. ಚೆಂಡಿನ ಒಂದು ಅಂಚು ಈ ಜಾಗದ ಒಂದು ಅಂಚನ್ನು ಸವರಿದರೂ ಸ್ಟ್ರೈಕ್. ವಾಕ್ (ನಾಲ್ಕು ಬಾಲ್ ಆದರೆ ಸಿಗುವ ಮೊದಲ ಬೇಸ್) ಪಡೆಯಲೆಂದು ಕೆಲವು ಮಕ್ಕಳು ಬೇಕೆಂದೇ ಕುಕ್ಕರಿಸುತ್ತಾರೆ. ಅಳತೆ ಸಹಜ ನಿಲುವಿನದೇ ಆದ್ದರಿಂದ ಅದರಿಂದ ಲಾಭ ಸಿಗಬಾರದು.

ಇಲ್ಲಿ ಹೊಸ ಅಂಪೈರ್‌ಗಳು ಮಾಡುವ ದೊಡ್ಡ ತಪ್ಪು, ಕ್ಯಾಚರ್ ಚೆಂಡನ್ನು ಎಲ್ಲಿ ಹಿಡಿದ ಎಂಬುದನ್ನು ನೋಡಿ ತೀರ್ಪು ಕೊಡುವುದು. ಹತ್ತು ವರ್ಷದ ಮಗು ಎಸೆದ ಚೆಂಡು ಕಮಾನಿನಂತೆ ಇಳಿಯುತ್ತದೆ. ಪ್ಲೇಟ್ ಮೇಲೆ ಮೊಣಕಾಲಿನ ಎತ್ತರದಲ್ಲಿ ಹಾದು, ಮೂರು ಅಡಿ ಹಿಂದೆ ನೆಲಕ್ಕೆ ಬೀಳುತ್ತದೆ. ಗ್ಲೌಸ್ ನೆಲದಲ್ಲಿದ್ದರೂ ಅದು ಸ್ಟ್ರೈಕ್. ತೀರಾ ಚಿಕ್ಕವರ ಪಂದ್ಯದಲ್ಲಿ ಹೊರ ಅಂಚಿಗೆ ಒಂದು ಚೆಂಡಿನಷ್ಟು ಉದಾರತೆ ತೋರಿಸುವುದನ್ನು ನಾನು ಒಪ್ಪುತ್ತೇನೆ, ಇಲ್ಲದಿದ್ದರೆ ಪಂದ್ಯವೆಲ್ಲ ವಾಕ್‌ಗಳ ಮೆರವಣಿಗೆಯಾಗುತ್ತದೆ. ಆದರೆ ಮೊದಲ ಬ್ಯಾಟರ್‌ಗೆ ಕೊಟ್ಟದ್ದನ್ನು ಕೊನೆಯವರಿಗೂ ಕೊಡಬೇಕು.

ಚೆಂಡು ಗ್ಲೌಸ್ ಸೇರಿದ ಮೇಲೆ ಒಂದು ಉಸಿರಿನಷ್ಟು ತಡೆದು ಹೇಳಿ. ಸ್ಟ್ರೈಕ್ ಆದರೆ ಬಲಗೈ ಎತ್ತಿ ಜೋರಾಗಿ. ಬಾಲ್ ಆದರೆ ಸನ್ನೆ ಇಲ್ಲ, ಕ್ಯಾಚರ್ ಮತ್ತು ಬ್ಯಾಟರ್‌ಗೆ ಕೇಳಿದರೆ ಸಾಕು. ಲೆಕ್ಕ ತೋರಿಸುವಾಗ ಎಡಗೈ ಬೆರಳುಗಳಲ್ಲಿ ಬಾಲ್, ಬಲಗೈಯಲ್ಲಿ ಸ್ಟ್ರೈಕ್. ಬಾಯಲ್ಲೂ ಬಾಲ್ ಸಂಖ್ಯೆಯೇ ಮೊದಲು. ಪ್ಲೇಟ್ ಮೇಲಿನ ಮಣ್ಣು ಒರೆಸುವಾಗ ಮೈದಾನಕ್ಕೆ ಬೆನ್ನು ಮಾಡಿ ಬಾಗುವುದು ವಾಡಿಕೆ. ಪಿಚ್ ಬ್ಯಾಟರ್‌ನ ಕೈಗೆ ತಗುಲಿದರೆ, ಕೈ ಬ್ಯಾಟಿನ ಭಾಗವೆಂದು ವಾದಿಸುವವರು ಪ್ರತಿ ಮೈದಾನದಲ್ಲೂ ಸಿಗುತ್ತಾರೆ. ಬೇಸ್‌ಬಾಲ್‌ನಲ್ಲಿ ಕೈ ಎಂದರೆ ಕೈಯೇ. ಬ್ಯಾಟು ಹಿಡಿದ ಗ್ಲೌಸಿಗೆ ತಗುಲಿದ್ದು ಬ್ಯಾಟಿಗೆ ತಗುಲಿದಂತೆ ಎಂಬ ಕ್ರಿಕೆಟ್ ನಿಯಮದಿಂದ ಬಂದ ಗೊಂದಲ ಇದು.

ಹಂತ 7: ಫೇರ್, ಫೌಲ್ ಮತ್ತು ಬೇಸ್‌ಗಳ ತೀರ್ಪು

ಫೌಲ್ ಗೆರೆ, ಹೆಸರು ಏನೇ ಇರಲಿ, ಫೇರ್ ಜಾಗಕ್ಕೆ ಸೇರಿದ್ದು; ಹೋಮ್ ಪ್ಲೇಟ್ ಕೂಡ. ಮೊದಲ ಅಥವಾ ಮೂರನೇ ಬೇಸ್ ತಲುಪದೆ ಉರುಳುತ್ತಿರುವ ಚೆಂಡು ಎಲ್ಲಿ ನಿಂತಿತು ಅಥವಾ ಯಾರಾದರೂ ಮುಟ್ಟಿದಾಗ ಎಲ್ಲಿತ್ತು ಎಂಬುದೇ ಮುಖ್ಯ. ಅದಕ್ಕೆ ಮೊದಲು ಎಷ್ಟು ಸಲ ಗೆರೆ ದಾಟಿ ಬಂದರೂ ಲೆಕ್ಕಕ್ಕಿಲ್ಲ. ಫೇರ್ ಆದರೆ ಬಾಯಿ ಬಿಡದೆ ಕೈಯಿಂದ ಒಳಗೆ ತೋರಿಸಬೇಕು, ಫೌಲ್ ಆದರೆ ಎರಡೂ ಕೈ ಎತ್ತಿ ಕೂಗಬೇಕು. ಕೂಗಿದ ಕ್ಷಣ ಎಲ್ಲರೂ ನಿಂತುಬಿಡುವುದರಿಂದ ಆ ಮಾತನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಊರಾಚೆಯ ಒಂದು ಶಾಲೆಯ ಮೈದಾನದಲ್ಲಿ ಒಬ್ಬ ಹುಡುಗ ಹೊಡೆದ ಚೆಂಡು ಮೂರನೇ ಬೇಸ್ ಗೆರೆಯ ಪಕ್ಕದಲ್ಲೇ ನಿಧಾನವಾಗಿ ಉರುಳಿತು. ಅದು ಸುಣ್ಣದಿಂದ ಒಂದು ಗೇಣು ಹೊರಗೆ ಹೋದದ್ದನ್ನು ಕಂಡು ನಾನು ಕೈ ಎತ್ತಿ ಕೂಗಿಬಿಟ್ಟೆ. ಚೆಂಡು ಒಂದು ಹೆಂಟೆಗೆ ತಗುಲಿ, ಬಳುಕಿ, ಒಳಕ್ಕೆ ಬಂದು ಗೆರೆಯ ಬಿಳಿ ಪುಡಿಯ ಮೇಲೆಯೇ ನಿಂತಿತು. ಅರ್ಧ ದಾರಿಯವರೆಗೆ ಓಡಿದ್ದ ಹುಡುಗ ತಿರುಗಿ ನೋಡಿದ. ಮೂರನೇ ಬೇಸ್‌ನ ಹುಡುಗಿ ಬಗ್ಗಿ ಚೆಂಡು ಎತ್ತಿಕೊಂಡು, ಅದಕ್ಕೆ ಅಂಟಿದ ಸುಣ್ಣವನ್ನು ಏನೂ ಹೇಳದೆ ನನ್ನ ಕಡೆ ಹಿಡಿದು ತೋರಿಸಿದಳು. ಫೌಲ್ ಎಂದದ್ದು ಫೌಲೇ ಆಗಿ ಉಳಿಯಿತು. ಅಂದಿನಿಂದ ಉರುಳುವ ಚೆಂಡು ಉಸಿರು ಬಿಡುವವರೆಗೆ ನಾನು ಬಾಯಿ ಬಿಡುವುದಿಲ್ಲ.

ಮೊದಲ ಬೇಸ್‌ನಲ್ಲಿ ಚೆಂಡು ಮತ್ತು ಓಟಗಾರ ಒಟ್ಟಿಗೆ ಬರುವಾಗ ಕಣ್ಣು ಬೇಸ್ ಮೇಲಿರಲಿ, ಕಿವಿ ಗ್ಲೌಸ್ ಕಡೆಗಿರಲಿ. ಕಾಲು ದಿಂಬಿಗೆ ತಗುಲುವುದನ್ನು ನೋಡುತ್ತ, ಚೆಂಡು ಗ್ಲೌಸ್‌ಗೆ ಬಡಿಯುವ ಸದ್ದು ಮೊದಲೋ ನಂತರವೋ ಎಂದು ಕೇಳಿಸಿಕೊಳ್ಳಬೇಕು. ಆಮೇಲೆ ಗ್ಲೌಸ್ ನೋಡಿ: ಚೆಂಡು ಕೈಯಿಂದ ಜಾರಿಲ್ಲ ಎಂದು ಖಚಿತವಾದ ಮೇಲಷ್ಟೇ ಮುಷ್ಟಿ ಎತ್ತಿ. ಸಂಶಯದ ಲಾಭ ಬ್ಯಾಟ್ಸ್‌ಮನ್‌ಗೆ ಎಂಬ ಕ್ರಿಕೆಟ್ ವಾಡಿಕೆ ಇಲ್ಲಿ ನಡೆಯುವುದಿಲ್ಲ. ನೀವು ಕಂಡದ್ದನ್ನು ಹೇಳಬೇಕು, ಅಷ್ಟೇ.

ಕ್ರಿಕೆಟ್‌ನಿಂದ ಬಂದ ಮಕ್ಕಳು ಬ್ಯಾಟು ಹಿಡಿದೇ ಮೊದಲ ಬೇಸ್‌ವರೆಗೆ ಓಡುತ್ತಾರೆ, ಕೆಲವರು ಹೊಡೆದ ರಭಸದಲ್ಲಿ ಅದನ್ನು ಹಿಂದಕ್ಕೆ ಬೀಸಿ ಎಸೆಯುತ್ತಾರೆ. ಹಿಂದೆ ಕ್ಯಾಚರ್ ಇದ್ದಾನೆ, ನೀವೂ ಇದ್ದೀರಿ. ಮೊದಲ ಸಲವೇ ಆಟ ನಿಲ್ಲಿಸಿ, "ಬ್ಯಾಟು ಕೆಳಗಿಟ್ಟು ಓಡು ಮರಿ, ಎಸೀಬೇಡ" ಎಂದು ಮೆಲ್ಲಗೆ ಹೇಳಿ, ಅವನ ತರಬೇತುದಾರರಿಗೂ ಕೇಳುವಂತೆ ಎಚ್ಚರಿಕೆ ಕೊಡಿ.

ಹಂತ 8: ಗಂಟು ಹಾಕುವ ನಿಯಮಗಳು

ಇನ್‌ಫೀಲ್ಡ್ ಫ್ಲೈ ನಿಯಮವನ್ನು ಅದರ ಕಾರಣದಿಂದ ಅರ್ಥ ಮಾಡಿಕೊಂಡರೆ ಮರೆಯುವುದಿಲ್ಲ. ಮೊದಲ ಮತ್ತು ಎರಡನೇ ಬೇಸ್‌ಗಳಲ್ಲಿ ಓಟಗಾರರಿದ್ದಾರೆ ಅಥವಾ ಮೂರೂ ತುಂಬಿವೆ, ಎರಡು ಔಟ್ ಇನ್ನೂ ಆಗಿಲ್ಲ, ಒಳ ಆಟಗಾರನೊಬ್ಬ ಸುಲಭವಾಗಿ ಹಿಡಿಯಬಲ್ಲ ಚೆಂಡು ಫೇರ್ ಜಾಗದಲ್ಲಿ ಮೇಲಕ್ಕೆ ಹಾರಿದೆ ಎಂದುಕೊಳ್ಳಿ. ಕ್ಯಾಚ್ ಆಗುತ್ತದೆಂದು ಓಟಗಾರರು ಬೇಸ್ ಮೇಲೇ ನಿಂತಿರುತ್ತಾರೆ. ಆಗ ಆಟಗಾರ ಬೇಕೆಂದೇ ಚೆಂಡು ಬಿಟ್ಟರೆ ಅವರು ಮುಂದಿನ ಬೇಸ್‌ಗೆ ಓಡಲೇಬೇಕಾಗುತ್ತದೆ, ಸುಲಭವಾಗಿ ಇಬ್ಬರನ್ನು ಔಟ್ ಮಾಡಬಹುದು. ಈ ಮೋಸ ತಪ್ಪಿಸಲು, ಕ್ಯಾಚ್ ಆಗಲಿ ಬಿಡಲಿ, ಬ್ಯಾಟರ್ ಔಟ್. ಓಟಗಾರರು ಬೇಕಾದರೆ ತಮ್ಮದೇ ಅಪಾಯದ ಮೇಲೆ ಓಡಬಹುದು. ಚೆಂಡು ತುತ್ತತುದಿ ಮುಟ್ಟಿ ಇಳಿಯಲು ಆರಂಭಿಸಿದಾಗ ಬೆರಳು ಮೇಲೆತ್ತಿ ಕೂಗಿ, ಗೆರೆಯ ಹತ್ತಿರವಾದರೆ "ಫೇರ್ ಆದರೆ" ಎಂದು ಸೇರಿಸಿ. ನೇರವಾಗಿ ಚಿಮ್ಮಿದ ಚೆಂಡಿಗೂ ಬಂಟ್ (ಬೀಸದೆ ಬ್ಯಾಟಿಗೆ ಮೆಲ್ಲಗೆ ತಗುಲಿಸುವ ಹೊಡೆತ) ಪ್ರಯತ್ನಕ್ಕೂ ಇದು ಅನ್ವಯಿಸುವುದಿಲ್ಲ.

ಅಡ್ಡಿಯ ವಿಚಾರದಲ್ಲಿ ಯಾರು ಯಾರಿಗೆ ಅಡ್ಡ ಬಂದರು ಎಂಬುದನ್ನು ಮೊದಲು ಕೇಳಿಕೊಳ್ಳಿ. ಚೆಂಡು ಹಿಡಿಯಲು ಹೊರಟವರಿಗೆ ಓಟಗಾರ ಅಡ್ಡ ಬಂದರೆ ಅದು ಇಂಟರ್‌ಫಿಯರೆನ್ಸ್, ಓಟಗಾರ ಔಟ್. ಕೈಯಲ್ಲಿ ಚೆಂಡಿಲ್ಲದೆ ಬೇಸ್ ದಾರಿಯಲ್ಲಿ ಗೋಡೆಯಂತೆ ನಿಂತವರು ಮಾಡುವುದು ಅಬ್‌ಸ್ಟ್ರಕ್ಷನ್, ಅದರಿಂದ ಓಟಗಾರನಿಗೆ ಆದ ನಷ್ಟವನ್ನು ನೀವು ತುಂಬಿಕೊಡಬೇಕು. ಕಬಡ್ಡಿಯಲ್ಲಿ ಅಡ್ಡಗಟ್ಟಿ ಹಿಡಿಯುವ ಮಕ್ಕಳಿಗೆ ಎರಡನೆಯದು ತಪ್ಪೆಂದೇ ಅನಿಸುವುದಿಲ್ಲ, ಪಂದ್ಯಕ್ಕೆ ಮೊದಲೇ ಹೇಳಿ.

ಅಪೀಲ್ ವಿಷಯದಲ್ಲಿ ಎರಡು ಆಟಗಳೂ ತಲೆಕೆಳಗು. ಕ್ರಿಕೆಟ್‌ನಲ್ಲಿ ಕೇಳದೆ ಅಂಪೈರ್ ಔಟ್ ಕೊಡುವಂತಿಲ್ಲ. ಬೇಸ್‌ಬಾಲ್‌ನಲ್ಲಿ ಬಹುತೇಕ ಔಟ್‌ಗಳನ್ನು ಕೇಳದೆಯೇ ಹೇಳಬೇಕು, ಆದರೆ ಓಟಗಾರ ಬೇಸ್ ಮುಟ್ಟದೆ ಹೋದದ್ದು, ಕ್ಯಾಚ್‌ಗೆ ಮೊದಲೇ ಬೇಸ್ ಬಿಟ್ಟದ್ದು, ಬ್ಯಾಟಿಂಗ್ ಕ್ರಮ ತಪ್ಪಿದ್ದು ಇವುಗಳನ್ನು ಎದುರು ತಂಡ ತಾನೇ ಗಮನಿಸಿ ಎತ್ತಬೇಕು. ನಿಮಗೆ ಕಂಡಿದ್ದರೂ ಮುಖದ ಮೇಲೆ ತೋರಿಸದೆ ಸುಮ್ಮನಿರಬೇಕು. ಶಿಕ್ಷಕರಾದವರಿಗೆ ಇದು ಬಲು ಕಷ್ಟ, ತಪ್ಪು ಕಂಡರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಮೂರನೇ ಸ್ಟ್ರೈಕನ್ನು ಕ್ಯಾಚರ್ ಹಿಡಿಯದಿದ್ದರೆ, ಮೊದಲ ಬೇಸ್ ಖಾಲಿ ಇದ್ದಾಗ ಅಥವಾ ಎರಡು ಔಟ್ ಆಗಿದ್ದಾಗ ಬ್ಯಾಟರ್ ಓಡಬಹುದು. ತೀರಾ ಚಿಕ್ಕವರ ವಿಭಾಗದಲ್ಲಿ ಈ ನಿಯಮವನ್ನು ಇಡುವುದಿಲ್ಲ. ನಿಮ್ಮ ಪಂದ್ಯಾವಳಿಯ ಹಾಳೆ ನೋಡಿ.

ಹಂತ 9: ಆಕ್ಷೇಪ ಬಂದಾಗ

"ಏನ್ ಸಾರ್, ಅದು ಹೆಂಗೆ ಸೇಫು?" ಎಂಬ ಪ್ರಶ್ನೆಯನ್ನು ಎರಡು ವಿಧವಾಗಿ ವಿಂಗಡಿಸಿಕೊಳ್ಳಿ. ಸೇಫ್ ಅಥವಾ ಔಟ್, ಸ್ಟ್ರೈಕ್ ಅಥವಾ ಬಾಲ್, ಫೇರ್ ಅಥವಾ ಫೌಲ್ ಇವು ಕಣ್ಣಿನ ತೀರ್ಪುಗಳು. ಇವುಗಳ ಮೇಲೆ ದೂರು ಇಲ್ಲ. 60 ಅಡಿಯ ಮೈದಾನದಲ್ಲಿ ಬೇಗ ಬೇಸ್ ಬಿಟ್ಟ ಓಟಗಾರನನ್ನು ಹಿಂದಕ್ಕೆ ಕಳುಹಿಸುವ ಬದಲು ಔಟ್ ಕೊಟ್ಟುಬಿಟ್ಟಿರಿ ಎನ್ನುವುದು ನಿಯಮದ ಪ್ರಶ್ನೆ. ಅದನ್ನು ತರಬೇತುದಾರರು ಟೈಮ್ ಕೇಳಿ, ಒಬ್ಬರೇ ಬಂದು, ಮುಂದಿನ ಪಿಚ್‌ಗೆ ಮೊದಲು ಎತ್ತಬಹುದು. ಆಗ "ಒಂದ್ನಿಮಿಷ ಸರ್" ಎಂದು ಜೊತೆಯ ಅಂಪೈರ್‌ನ್ನು ಪಕ್ಕಕ್ಕೆ ಕರೆದು, ತಂಡಗಳಿಗೆ ಕೇಳದಂತೆ ಮಾತಾಡಿ, ಪುಸ್ತಕ ನೋಡಬೇಕಾದರೆ ನೋಡಿ. ತಪ್ಪಾಗಿದ್ದರೆ ತಿದ್ದಿ. ಅದರಿಂದ ಗೌರವ ಕಡಿಮೆಯಾದದ್ದನ್ನು ನಾನು ಕಂಡಿಲ್ಲ.

ಬೇಲಿಯಾಚೆಯಿಂದ ಕೂಗುವ ಪೋಷಕರಿಗೆ ನೀವು ಉತ್ತರಿಸಬಾರದು. ಮಾತು ಮಿತಿ ಮೀರಿದರೆ ಆಟ ನಿಲ್ಲಿಸಿ, ಆ ತಂಡದ ತರಬೇತುದಾರರಿಗೇ ಅವರನ್ನು ಸುಮ್ಮನಿರಿಸುವ ಹೊಣೆ ಕೊಡಿ.

ತೀರ್ಪು ತಪ್ಪಿದ ಮೇಲೆ ಏನು ಮಾಡಬೇಕೆಂಬುದಕ್ಕೆ ಮಕ್ಕಳಿಗೆ ನಾನು ಹೇಳುವ ಘಟನೆ 2010ರ ಜೂನ್ 2ರದು. ಡೆಟ್ರಾಯಿಟ್‌ನಲ್ಲಿ ಪಿಚರ್ ಅರ್ಮಾಂಡೊ ಗಲರಾಗ ಕ್ಲೀವ್‌ಲ್ಯಾಂಡ್ ತಂಡದ 26 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದ್ದರು. 27ನೆಯವರು ಮೊದಲ ಬೇಸ್‌ನಲ್ಲಿ ಸ್ಪಷ್ಟವಾಗಿ ಔಟ್ ಆಗಿದ್ದರೂ ಅಂಪೈರ್ ಜಿಮ್ ಜಾಯ್ಸ್ ಸೇಫ್ ಎಂದರು. ವೃತ್ತಿಪರ ಲೀಗ್‌ನ ಇತಿಹಾಸದಲ್ಲೇ ಅಪರೂಪವಾದ ಪರ್ಫೆಕ್ಟ್ ಗೇಮ್ (ಎದುರು ತಂಡದ ಒಬ್ಬರೂ ಬೇಸ್ ತಲುಪದ ಪಂದ್ಯ) ಕೈತಪ್ಪಿತು. ಪಂದ್ಯದ ನಂತರ ವಿಡಿಯೊ ನೋಡಿದ ಜಾಯ್ಸ್ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಕೇಳಿದರು. ಮರುದಿನ ಪ್ಲೇಟ್ ಬಳಿ ತಂಡದ ಪಟ್ಟಿ ಹಿಡಿದು ಬಂದವರು ಸ್ವತಃ ಗಲರಾಗ, ಅದನ್ನು ಪಡೆದ ಜಾಯ್ಸ್ ಕಣ್ಣೊರೆಸಿಕೊಳ್ಳುತ್ತಿದ್ದರು.

ಹಂತ 10: ಪಂದ್ಯ ಮುಗಿದ ಮೇಲೆ

ಕೊನೆಯ ಔಟ್ ಆದ ಕೂಡಲೇ ಸ್ಕೋರ್ ಮೇಜಿಗೆ ಹೋಗಿ ಪಿಚ್ ಎಣಿಕೆಯ ಹಾಳೆ ತರಿಸಿ, ಪ್ರತಿ ಪಿಚರ್ ಹೆಸರಿನ ಮುಂದೆ ಎಸೆದ ಸಂಖ್ಯೆಯನ್ನೂ ಮತ್ತೆ ಯಾವ ದಿನಾಂಕಕ್ಕೆ ಪಿಚ್ ಮಾಡಬಹುದು ಎಂಬುದನ್ನೂ ಬರೆಸಿ. ಇಬ್ಬರು ತರಬೇತುದಾರರೂ ಸಹಿ ಹಾಕಲಿ, ನೀವೂ ಹಾಕಿ. ಸೋತ ತಂಡದವರು ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡುತ್ತಾರೆ; ಸಹಿಯಿಲ್ಲದ ಹಾಳೆಯನ್ನು ಮುಂದಿನ ಪಂದ್ಯದ ಅಂಪೈರ್ ನಂಬಲಾರರು, ಆದ್ದರಿಂದ ಅವರನ್ನು ಎರಡು ನಿಮಿಷ ನಿಲ್ಲಿಸಿಕೊಳ್ಳಿ. ಮೂಲಪ್ರತಿ ಸಂಘಟಕರಿಗೆ, ಒಂದು ಫೋಟೊ ಮರುದಿನದ ಅಂಪೈರ್‌ಗೆ ವಾಟ್ಸಾಪ್‌ನಲ್ಲಿ. ಆಮೇಲೆ ನಿಮಗೆ ಅನುಮಾನ ಬಂದ ಒಂದೆರಡು ತೀರ್ಪುಗಳನ್ನು, ಆಗ ಎಲ್ಲಿ ನಿಂತಿದ್ದಿರಿ ಎಂಬುದರೊಂದಿಗೆ, ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು, ಗೂಟಗಳನ್ನು ಕಿತ್ತು ಎಣಿಸಿ ಚೀಲಕ್ಕೆ ಹಾಕಿಕೊಳ್ಳಿ. ಮರುದಿನ ಬೆಳಿಗ್ಗೆ ಅದೇ ಬಯಲಿನಲ್ಲಿ ಮಕ್ಕಳು ಬರಿಗಾಲಲ್ಲಿ ಖೊ ಖೊ ಆಡುತ್ತಾರೆ.